ದುಡಿಮೆಯ ಹೊತ್ತು ಮತ್ತು ಅತಿಭಾರಾರೋಪಣ

ನೌಕರನಾದವನು ತನ್ನ ದುಡಿಮೆಯ ಹೊತ್ತನ್ನು ಕಡಿಮೆ ಮಾಡಬೇಕೆಂದೋ, ಹಿಂದುಮುಂದಾಗಿಸಿಕೊಡಬೇಕೆಂದೋ ಯಜಮಾನನನ್ನು ಕೇಳುವುದು ಉಚಿತವೇ? ಕೇಳಿದಾಗ ಯಜಮಾನನ ಕರ್ತವ್ಯವೇನು? ಈ ವಿಷಯ ಕಾರ್ಮಿಕ ಕಾನೂನಿಗೆ ಮಾತ್ರ ಸೇರಿದುದೆಂದು ಹಲವರ ಭಾವನೆ. ಶ್ರಾವಕಾಚಾರವನ್ನು ಬಲ್ಲವರಿಗೆ ಇದು ಅಣುವ್ರತಗಳ ವಿಷಯವೂ ಹೌದು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅತಿಭಾರವನ್ನು ಎರಡು ಕಡೆ ಎಣಿಸಿರುವುದು ಗಮನಾರ್ಹ: ಒಮ್ಮೆ ಅಹಿಂಸಾವ್ರತದ ದೋಷವಾಗಿ, ಮತ್ತೊಮ್ಮೆ ಪರಿಗ್ರಹಪರಿಮಾಣ ವ್ರತದ ದೋಷವಾಗಿ. ಮಿತಿಮೀರಿ ಹೇರು ಹೊರಿಸುವುದು ಹಿಂಸೆ. ಹೊರಿಸುವ ಕೈಯ ಹಿಂದೆ ಇರುವುದು ಲೋಭ. ಹೇರೆತ್ತುಗಳು ಇಂದು ನಮ್ಮ ಪೇಟೆಬೀದಿಗಳಿಂದ ಮರೆಯಾಗಿವೆ. ಹೇರು ಮಾತ್ರ ಮರೆಯಾಗಿಲ್ಲ. ಅದು ಗುಮಾಸ್ತನ ಹೆಗಲಿಗೆ ಬಂದಿದೆ.

ರಾತ್ರಿಭೋಜನತ್ಯಾಗ ಮಾಡಿದ ಒಬ್ಬ ಲೆಕ್ಕಿಗನನ್ನು ಊಹಿಸೋಣ. ಬೆಂಗಳೂರಿನಲ್ಲಿ ಜುಲೈ ಆರಂಭದಲ್ಲಿ ಸೂರ್ಯನು 6-45ರ ನಂತರ ಮುಳುಗಿದರೆ, ನವೆಂಬರ್ ಕೊನೆಯಲ್ಲಿ 6 ಗಂಟೆಗೆ ಮೊದಲೇ ಮುಳುಗುತ್ತಾನೆ. ಅಂಗಡಿಯ ಹೊತ್ತು ಮಾತ್ರ ಋತುವಿನೊಡನೆ ಬದಲಾಗುವುದಿಲ್ಲ. ಆತನು ಬೆಳಿಗ್ಗೆ ಬೇಗ ಬಂದು, ಸಂಜೆ ಐದಕ್ಕೆ ಹೊರಡಲು ಅನುಮತಿ ಕೇಳಿದರೆ ಅದು ಸೌಕರ್ಯದ ಬೇಡಿಕೆಯಲ್ಲ. ಸಾಧ್ಯವಿದ್ದೂ ನಿರಾಕರಿಸಿದ ಯಜಮಾನನು ಅನ್ನಪಾನನಿರೋಧಕ್ಕೆ ಎಷ್ಟು ದೂರದಲ್ಲಿದ್ದಾನೆ ಎಂಬುದನ್ನು ತಾನೇ ಆಲೋಚಿಸಬೇಕು.

ಕಾನೂನು ಮಿತಿಯನ್ನು ಹಾಕಿದೆಯಲ್ಲವೇ ಎನ್ನಬಹುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1919ರಲ್ಲಿ ಅಂಗೀಕರಿಸಿದ ಮೊದಲನೆಯ ಒಪ್ಪಂದವೇ ಕೈಗಾರಿಕೆಗಳಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ದುಡಿಮೆಯನ್ನು ಕುರಿತದ್ದು. ನಮ್ಮ ರಾಜ್ಯದ ಅಂಗಡಿಗಳಿಗಾಗಿ 1961ರಲ್ಲಿ ಬಂದ ಕಾಯಿದೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳೆಂದು ವಿಧಿಸಿತು. ಆದರೆ ಕಾನೂನು ಹೇಳುವುದು ಹೊರಗಣ ಗಡಿಯನ್ನು. ಅಣುವ್ರತಿಯ ಪರಿಮಾಣ ಆ ಗಡಿಯ ಒಳಗೆ, ಸ್ವಂತ ವಿವೇಕದಿಂದ ನಿಶ್ಚಯವಾಗತಕ್ಕದ್ದು.

ಇನ್ನು ಕೇಳುವವನ ಧರ್ಮ. ಕಳವಿಗೆ ನಮ್ಮ ಶಾಸ್ತ್ರಕಾರರು ಇಟ್ಟ ಹೆಸರು ಅದತ್ತಾದಾನ, ಅಂದರೆ ಕೊಡದಿದ್ದುದನ್ನು ತೆಗೆದುಕೊಳ್ಳುವುದು. ಕೇಳಲು ಸಂಕೋಚಪಟ್ಟು ಕದ್ದು ಹೊರಡುವವನು, ಹಾಜರಿ ಹಾಕಿ ಕಾಲಹರಣ ಮಾಡುವವನು ಕೊಡದ ಹೊತ್ತನ್ನು ತೆಗೆದುಕೊಂಡಂತೆಯೇ. ಬಾಯಿಬಿಟ್ಟು ಕೇಳಿದಾಗ ಅದೇ ಹೊತ್ತು ದತ್ತವಾಗುತ್ತದೆ. ಆದುದರಿಂದ ಕೇಳುವುದು ದೈನ್ಯವಲ್ಲ, ಅಚೌರ್ಯದ ಪಾಲನೆ. ಆದರೆ ಕಾರಣ ನಿಜವಾಗಿರಬೇಕು. ಇಲ್ಲದ ಕಾಯಿಲೆಯನ್ನು ಮುಂದೊಡ್ಡಿದರೆ ಅಚೌರ್ಯ ಉಳಿದೂ ಸತ್ಯ ಕೆಡುತ್ತದೆ.

ಅಚೌರ್ಯದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೂ ಒಂದು. ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ. ನೌಕರನು ಹತ್ತು ನಿಮಿಷ ತಡವಾದರೆ ಬರೆದಿಟ್ಟುಕೊಂಡು, ಬಾಗಿಲು ಹಾಕಿದ ಮೇಲೆ ಅವನು ದುಡಿದ ಅರ್ಧ ಗಂಟೆಯನ್ನು ಮರೆಯುವ ಯಜಮಾನನು ಎರಡು ತಕ್ಕಡಿ ಇಟ್ಟವನೇ. ಹೊತ್ತು ಬದಲಾಗಿ, ಒಟ್ಟು ದುಡಿಮೆ ಅಷ್ಟೇ ಇದ್ದರೆ ಸಂಬಳ ಕಡಿತಕ್ಕೆ ಆಧಾರವಿಲ್ಲ. 9 ಗಂಟೆ 7½ ಆದರೆ ಕಳೆದುದು ಆರನೆಯ ಒಂದು ಭಾಗ. 18,000 ರೂಪಾಯಿಯ ಸಂಬಳ 15,000 ಆಗಬಹುದು, 13,000 ಆಗಕೂಡದು. ನೌಕರನ ಅಗತ್ಯವನ್ನೇ ಲಾಭದ ಸಂದರ್ಭವಾಗಿಸುವುದು ವ್ಯಾಪಾರಧರ್ಮವಲ್ಲ.

ಎಲ್ಲಕ್ಕಿಂತ ಕಠಿಣವಾದ ಅಂಶ ಇನ್ನೊಂದಿದೆ. ಒಬ್ಬನು ಇಳಿಸಿದ ಭಾರ ಎಲ್ಲಿ ಹೋಗುತ್ತದೆ? ಪಕ್ಕದ ಮೇಜಿನವನ ಮೇಲೆ ಬಿದ್ದರೆ ಅಲ್ಲಿ ಹೊಸ ಅತಿಭಾರವಾಯಿತು. ನನ್ನ ವ್ರತದ ಬೆಲೆಯನ್ನು ಇನ್ನೊಬ್ಬನು ತೆರುವಂತಾದರೆ ಆ ವ್ರತದಲ್ಲಿ ಅಹಿಂಸೆ ಎಷ್ಟು ಉಳಿಯಿತು? ಆದಕಾರಣ ಕೇಳುವವನು, ಬಿಟ್ಟ ಕೆಲಸ ಹೇಗೆ ನಡೆಯಬೇಕೆಂಬ ಉಪಾಯವನ್ನೂ ಜೊತೆಗೆ ಒಯ್ಯಬೇಕು. ಅಂತೆಯೇ ಯಜಮಾನನು ಸಾಧರ್ಮಿಯೆಂಬ ಕಾರಣಕ್ಕೆ ವ್ರತಿಗೆ ಒಪ್ಪಿ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಬೇಕಾದ ಅನ್ಯಮತೀಯನಿಗೆ ಇಲ್ಲವೆನ್ನಬಾರದು. ಅಂಥದು ವಾತ್ಸಲ್ಯದ ವೇಷ ತೊಟ್ಟ ಪಕ್ಷಪಾತ. ಜೀವದಯೆಗೆ ಜಾತಿಮತಗಳ ಪಟ್ಟಿಯಿಲ್ಲ.

ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಎಂಟನೆಯದು ಆರಂಭತ್ಯಾಗ. ಅಲ್ಲಿ ಬಿಡಬೇಕಾದವುಗಳಲ್ಲಿ ಸೇವೆ, ಕೃಷಿ, ವಾಣಿಜ್ಯ ಮೂರನ್ನೂ ಸಮಂತಭದ್ರರು ಒಟ್ಟಿಗೆ ಹೇಳಿದ್ದಾರೆ. ನೌಕರನೂ ವರ್ತಕನೂ ಒಂದು ದಿನ ಇಳಿಸಲೇಬೇಕಾದ ಹೊರೆ ಅದು. ಇಳಿಸುವುದನ್ನು ಸ್ವಲ್ಪಸ್ವಲ್ಪವಾಗಿ ಕಲಿಯಲು ಬಯಸುವವನಿಗೆ ಇನ್ನೊಬ್ಬ ಹೊರೆಗಾರನು ಕೈಗೊಡುವುದು ಉಪಕಾರವಲ್ಲ, ಪರಸ್ಪರ ಧರ್ಮ.