ಚಲನೆಯೂ ನೆಲೆಯೂ

ಕಾಲದೊಡನೆ ಮನುಷ್ಯನು ಎಷ್ಟು ಬದಲಾಗಬೇಕು, ಎಷ್ಟರಮಟ್ಟಿಗೆ ತನ್ನ ನೆಲೆಯಲ್ಲಿ ನಿಲ್ಲಬೇಕು? ಗಡಿನಾಡಿನವರಾದ ನಮಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಮಕ್ಕಳನ್ನು ಯಾವ ಶಾಲೆಗೆ ಸೇರಿಸಬೇಕೆಂಬ ದಿನದಿಂದಲೇ ಅದು ಮನೆಯೊಳಗೆ ಬರುತ್ತದೆ. ಕಡಲಿನಿಂದ ಬಹುದೂರವಿರುವ ಇಟಿಕ್ಯಾಲದ ನಮಗೆ ಈ ಕುರಿತು ಕಡಲಿನ ಒಂದು ಯಂತ್ರ ಪಾಠ ಹೇಳುವಂತಿದೆ.

ಕೃಷ್ಣೆಯನ್ನು ಜುರಾಲದಲ್ಲಿ ತಡೆದು 234 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವನ್ನು ನಡೆಸುತ್ತಿದ್ದೇವೆ. ಆ ನದಿಯೇ ಬೀಚುಪಲ್ಲಿಯನ್ನು ದಾಟಿ, ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರಿದ ಮೇಲೆ ಅದಕ್ಕೆ ಅಣೆಕಟ್ಟು ಎಲ್ಲಿಯದು? ಆದರೂ ಕಡಲಿನ ನಡುವೆ ವಿದ್ಯುತ್ತು ಬೇಕು. ಹಡಗುಗಳಿಗೆ ದಾರಿ ತೋರುವ ತೇಲುದೀಪಗಳಿಗೆ, ಹವಾಮಾನ ಅಳೆಯುವ ಉಪಕರಣಗಳಿಗೆ ದಡದಿಂದ ತಂತಿ ಎಳೆಯುವುದು ಕಷ್ಟ. ಬ್ಯಾಟರಿ ತೀರಿದಾಗಲೆಲ್ಲ ದೋಣಿಯೇರಿ ಹೋಗುವುದು ಖರ್ಚಿನ ಮತ್ತು ಅಪಾಯದ ಕೆಲಸ. ಆದ್ದರಿಂದಲೇ ಜಪಾನಿನ ಯೋಶಿಯೊ ಮಸುಡಾ ಅವರು ಅಲೆಯ ಬಲದಿಂದಲೇ ಬೆಳಗುವ ತೇಲುದೀಪವನ್ನು ರೂಪಿಸಿದರು. 1960ರ ದಶಕದಲ್ಲಿ ಅವು ಬಳಕೆಗೆ ಬಂದವು. ನಮ್ಮ ದೇಶದಲ್ಲಿ ಮದರಾಸಿನ ಐಐಟಿಯವರು 2022ರ ನವೆಂಬರಿನಲ್ಲಿ ತೂತ್ತುಕುಡಿ ತೀರದಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ, 20 ಮೀಟರ್ ಆಳದ ನೀರಿನಲ್ಲಿ ‘ಸಿಂಧುಜಾ-1’ ಎಂಬ ಯಂತ್ರವನ್ನು ಇಳಿಸಿದರು. ಅದರ ಉತ್ಪಾದನೆ 100 ವಾಟ್. ಜುರಾಲದ ಮುಂದೆ ಅದು ಏನೂ ಅಲ್ಲ. ಆದರೆ ಕಡಲಿನ ಒಂಟಿ ಉಪಕರಣಕ್ಕೆ ಅಷ್ಟೇ ಆಧಾರ.

ಅದರ ರಚನೆ ಸರಳ. ನಡುವೆ ಉದ್ದನೆಯ ಕಂಬ. ಅದರ ಸುತ್ತ ಅಲೆಯೊಡನೆ ಏರಿಳಿಯುವ ತೇಲುಬುರುಡೆ. ತೇಲುಬುರುಡೆಗೂ ಕಂಬಕ್ಕೂ ನಡುವೆ ಉಂಟಾಗುವ ಚಲನೆಯ ವ್ಯತ್ಯಾಸವೇ ವಿದ್ಯುಜ್ಜನಕವನ್ನು ತಿರುಗಿಸುತ್ತದೆ. ಎರಡೂ ಒಂದೇ ರೀತಿ ಎದ್ದು ಬಿದ್ದರೆ ವಿದ್ಯುತ್ತಿಲ್ಲ. ಎರಡೂ ಅಲುಗಾಡದೆ ನಿಂತರೂ ಇಲ್ಲ. ಆ ಕಂಬವಾದರೂ ತಳಕ್ಕೆ ನೆಟ್ಟದ್ದಲ್ಲ. ಅದೂ ತೇಲುತ್ತದೆ, ಸರಪಳಿಯ ಬಂಧದಿಂದ ಯಂತ್ರವು ತನ್ನ ಜಾಗ ಬಿಟ್ಟು ಹೋಗುವುದಿಲ್ಲ, ಅಷ್ಟೆ.

ನೆಲೆಯೆಂದರೆ ಜಡತೆಯಲ್ಲವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ? ಆದರೆ ಒಂದು ಎಚ್ಚರ ಬೇಕು. ಯಂತ್ರದಲ್ಲಿ ಕಂಬ ಯಾವುದು, ಬುರುಡೆ ಯಾವುದು ಎಂಬುದನ್ನು ತಂತ್ರಜ್ಞರು ನಿಶ್ಚಯಿಸುತ್ತಾರೆ. ಬಾಳಿನಲ್ಲಿ ಅದನ್ನು ನಾವೇ ನಿಶ್ಚಯಿಸಬೇಕು, ಧರ್ಮಸಂಕಟವಿರುವುದು ಅಲ್ಲಿಯೇ. ಹಳೆಯದೆಲ್ಲ ಕಂಬವಲ್ಲ. ವರದಕ್ಷಿಣೆಯನ್ನೂ ಜಾತಿಯ ಮೇಲುಕೀಳನ್ನೂ ‘ನಮ್ಮ ಸಂಪ್ರದಾಯ’ವೆಂದು ಹಿಡಿದು ನಿಲ್ಲುವವರು ತುಕ್ಕು ಹಿಡಿದ ಕಬ್ಬಿಣವನ್ನು ಅಪ್ಪಿಕೊಂಡವರು. ಉಡುಪು, ಉದ್ಯೋಗ, ವ್ಯವಹಾರದ ಭಾಷೆ ಇವು ಅಲೆಯೊಡನೆ ಏರಿಳಿಯಲಿ. ಸತ್ಯ, ನೆರೆಯವರೊಡನೆ ಸೌಹಾರ್ದ, ತಾಯ್ನುಡಿ ಇವು ನೆಲೆಯಲ್ಲಿ ನಿಲ್ಲಲಿ.

1956ರಲ್ಲಿ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವು, ಇಂದು ತೆಲಂಗಾಣದಲ್ಲಿವೆ. ಆಡಳಿತದ ಅಲೆಗಳು ನಮ್ಮನ್ನು ಕೇಳಿ ಬಂದವಲ್ಲ. ತೆಲುಗನ್ನು ಕಲಿತೆವು, ಅದರಿಂದ ಶ್ರೀಮಂತರಾದೆವು. ಆದರೆ ಕನ್ನಡ ಓದಲು ಬಾರದ ಮೊಮ್ಮಗುವು ಅಜ್ಜನ ಪತ್ರಗಳನ್ನು ಚಿತ್ರದಂತೆ ನೋಡುವ ದಿನ ಬಂದರೆ, ಸರಪಳಿ ಕಡಿದಂತೆಯೇ ಸರಿ. ಅದನ್ನು ಯಾವ ಸರಕಾರವೂ ಬಂದು ಬೆಸೆಯಲಾರದು. ಸಂಜೆ ಅರ್ಧ ಗಂಟೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡ ಓದಿಸುವುದು ದೊಡ್ಡ ಸಾಧನೆಯೇನಲ್ಲ, ನೂರು ವಾಟಿನಷ್ಟು ಕೆಲಸ. ಅಷ್ಟನ್ನು ಪ್ರತಿ ಮನೆಯೂ ಮಾಡಬಲ್ಲದು. ಮಾಡಬೇಕೆಂದೇ ಈ ಸಮ್ಮೇಳನದಲ್ಲಿ ನಮ್ಮ ಅರಿಕೆ.