ಪಿತ್ರಾರ್ಜಿತ ದುಃಖ

ಪಿತ್ರಾರ್ಜಿತವೆಂದರೆ ಮನೆ, ಹೊಲ, ಒಡವೆಗಳೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಹಿರಿಯರು ಅನುಭವಿಸಿ, ಯಾರಲ್ಲಿಯೂ ಹೇಳಿಕೊಳ್ಳಲಾರದೆ ಹೋದ ದುಃಖವೂ ಮಕ್ಕಳಿಗೆ ಪಿತ್ರಾರ್ಜಿತವಾಗಿ ಬರುವುದುಂಟೇ? ಬಂದರೆ ಅದನ್ನು ಕಳೆದುಕೊಳ್ಳುವ ಬಗೆ ಯಾವುದು?

ಆದಿಪರ್ವದ ಸರ್ಪಸತ್ರದ ಕಥೆಯಲ್ಲಿ ಈ ಪ್ರಶ್ನೆಯೇ ಅಡಗಿದೆ. ಪರೀಕ್ಷಿದ್ರಾಜನು ತಕ್ಷಕನ ವಿಷದಿಂದ ಮೃತನಾದಾಗ ಜನಮೇಜಯನು ಇನ್ನೂ ಬಾಲಕ. ತಂದೆಯ ಮರಣದ ವೃತ್ತಾಂತವನ್ನು ಅವನು ವಿಚಾರಿಸಿದ್ದು ಎಷ್ಟೋ ಕಾಲದ ಮೇಲೆ. ಅದೂ, ತಕ್ಷಕನ ಮೇಲೆ ಸ್ವಂತ ಹಗೆಯಿದ್ದ ಉತ್ತಂಕನು ಬಂದು ಕೆಣಕಿದಾಗ. ಮಂತ್ರಿಗಳಿಂದ ಎಲ್ಲವನ್ನೂ ಕೇಳಿದ ದೊರೆಯು ಅಪರಾಧಿಯೊಬ್ಬನನ್ನಲ್ಲ, ನಾಗಕುಲವನ್ನೇ ಅಗ್ನಿಗೆ ಆಹುತಿ ಕೊಡಲು ಹೊರಟನು. ಆ ನಾಗರಾದರೋ ತಾಯಿ ಕದ್ರುವಿನ ಶಾಪವನ್ನು ಹೊತ್ತವರು. ಒಬ್ಬನಿಗೆ ತಂದೆಯ ಮರಣದ ಶೋಕ, ಇನ್ನೊಬ್ಬರಿಗೆ ತಾಯಿಯ ಶಾಪ. ಎರಡೂ ಒಂದೇ ಕುಂಡದಲ್ಲಿ ಕೂಡಿದವು.

ಅದನ್ನು ನಿಲ್ಲಿಸಿದವನು ಆಸ್ತೀಕ. ತಂದೆ ಋಷಿ, ತಾಯಿ ವಾಸುಕಿಯ ತಂಗಿ. ಹಿಂದಿನ ಕಥೆ ಅವನಿಗೂ ತಿಳಿದಿತ್ತು. ಆದರೆ ಹೇಳಿದವಳು ತಾಯಿ, ಹೇಳಿದುದು ಉಳಿದವರನ್ನು ಕಾಪಾಡಲೆಂದು. ಹಳೆಯ ದುಃಖವು ಹಗೆಯ ಬಾಯಿಂದ ಬಂದರೆ ಬೆಂಕಿಯಾಗುತ್ತದೆ. ಅಕ್ಕರೆಯ ಬಾಯಿಂದ ಬಂದರೆ ಬೆಂಕಿಯನ್ನು ಆರಿಸುತ್ತದೆ.

ಆಧುನಿಕ ಮನೋವೈದ್ಯರೂ ಈ ವಿಷಯವನ್ನು ಪರಿಶೀಲಿಸಿದ್ದಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಟ್ಸಿಗಳು ಸುಮಾರು 60 ಲಕ್ಷ ಯಹೂದ್ಯರನ್ನು ಕೊಂದರು. ಬದುಕುಳಿದು ಕೆನಡಾ ಸೇರಿದವರ ಮಕ್ಕಳಲ್ಲಿ ಕೆಲವರು, ಆ ಶಿಬಿರಗಳನ್ನು ಕಣ್ಣಿನಿಂದ ಕಾಣದಿದ್ದರೂ, ತೀವ್ರ ಮನೋವ್ಯಥೆಯಿಂದ ಬಳಲುತ್ತಿದ್ದುದನ್ನು ವಿವಿಯನ್ ರ್ಯಾಕಾಫ್ ಎಂಬ ವೈದ್ಯರು 1966ರಲ್ಲಿ ಬರೆದರು. ಇಂಥ ಕುಟುಂಬಗಳನ್ನು ಆವರಿಸಿದ ಮೌನದ ಕೆಡುಕನ್ನು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞೆ ಯಾಯೆಲ್ ಡ್ಯಾನಿಯೆಲಿ ಎತ್ತಿ ಹೇಳಿದರು. ಆದರೆ 2003ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚಿಕಿತ್ಸೆಗೆ ಬಾರದ ಸಾಮಾನ್ಯ ಕುಟುಂಬಗಳ ಮಕ್ಕಳು ಒಟ್ಟಿನಲ್ಲಿ ಇತರರಂತೆಯೇ ಬಾಳುತ್ತಿದ್ದುದು ಕಂಡುಬಂದಿತು. ಆದುದರಿಂದ ಪಿತ್ರಾರ್ಜಿತ ದುಃಖವೆಂಬುದು ಉಂಟು. ಆದರೆ ಅದು ತಪ್ಪಿಸಲಾಗದ ವಿಧಿಯಲ್ಲ.

ಇನ್ನು ನಮ್ಮ ಮನೆಗಳನ್ನು ನೋಡೋಣ. ಆಟದ ವಯಸ್ಸಿನಲ್ಲಿಯೇ ವಿಧವೆಯಾಗಿ, ಕೇಶಮುಂಡನಕ್ಕೆ ತಲೆಯೊಡ್ಡಿ, ಕೆಂಪು ಸೀರೆಯುಟ್ಟು, ಮಡಿ ಅಡಿಗೆಯಲ್ಲಿಯೇ ಬಾಳು ಸವೆಸಿದ ಅಜ್ಜಿಯರು ಹಿಂದೆ ಎಷ್ಟೋ ಕುಟುಂಬಗಳಲ್ಲಿದ್ದರು. ಅವರ ಬಿರುನುಡಿಯನ್ನೂ ಅಂಜಿಕೆಯನ್ನೂ ಮನೆಯ ಹೆಣ್ಣುಮಕ್ಕಳು ಕಲಿತರು. ಅದರ ಕಾರಣವನ್ನು ಮಾತ್ರ ಯಾರೂ ಹೇಳಲಿಲ್ಲ. “ಅವರ ಪ್ರಾರಬ್ಧ” ಎಂದು ಸುಮ್ಮನಾದರು. ಪ್ರಾರಬ್ಧವೆಂಬುದು ನಮ್ಮ ಕಷ್ಟವನ್ನು ನಾವು ಸಹಿಸಲು ಆಧಾರವಾದ ಮಾತೇ ಹೊರತು, ಪರರ ಕಣ್ಣೀರನ್ನು ಕಾಣದಿರಲು ನೆಪವಲ್ಲ. ಹಿರಿಯರ ಕಾಲದ ದೋಷವನ್ನು ಆಡಬಾರದೆಂದು ಕೆಲವರು ಹೇಳಿಯಾರು. ದೂಷಿಸುವುದು ಬೇರೆ, ನಡೆದುದನ್ನು ಅರಿಯುವುದು ಬೇರೆ. ಕಾರಣವನ್ನರಿತ ಮೊಮ್ಮಗಳು ಅಜ್ಜಿಯ ಅಂಜಿಕೆಯನ್ನು ತನ್ನದೆಂದು ಹೊರಬೇಕಾಗಿಲ್ಲ; ಅಜ್ಜಿಯನ್ನು ದ್ವೇಷಿಸಬೇಕಾಗಿಯೂ ಇಲ್ಲ.

ಮಹಾಲಯ ಪಕ್ಷದ ತರ್ಪಣದಲ್ಲಿ ಸೋದರತ್ತೆ, ಸೋದರಿಯರಿಗೂ ತಿಲೋದಕವುಂಟು. ಅಂದು ಉಚ್ಚರಿಸುವ ಹೆಸರುಗಳ ಹಿಂದಿನ ಬಾಳನ್ನು, ಊಟವಾದ ಮೇಲೆ ಮಕ್ಕಳನ್ನು ಬಳಿಯಲ್ಲಿ ಕೂರಿಸಿಕೊಂಡು ಹೇಳೋಣ. ಹೇಳುವಾಗ ಉತ್ತಂಕನ ನಾಲಗೆ ಬೇಡ. ಆಸ್ತೀಕನ ತಾಯಿಯ ನಾಲಗೆಯಿರಲಿ.