ಬೇರೆಯವರ ಪ್ರಾರ್ಥನೆ ಕಂಡು ಮನಸ್ಸು ಕುಂದಿದಾಗ

ಗುಡ್ಡ ಹತ್ತಿ ತಾಯಿಯ ದರ್ಶನಕ್ಕೆ ಬಂದ ಭಕ್ತ ಬಾಂಧವರೇ, ತಾಯಂದಿರೇ,

ನಾನು ಶಾಸ್ತ್ರ, ಪುರಾಣ ಓದಿದ ಪಂಡಿತನಲ್ಲ. ಪಿ.ಯು.ಸಿ. ತನಕ ಕಲಿತು, ಇದೇ ಗುಡ್ಡದ ಕಚೇರಿಯಲ್ಲಿ 28 ವರ್ಷದಿಂದ ಅಭಿಷೇಕದ ಪಾವತಿ ಹರಿದು ಕೊಡುವ ಗುಮಾಸ್ತ. ನನ್ನ ಅನುಭವದ ಒಂದು ಮಾತನ್ನು ತಮ್ಮ ಮುಂದೆ ಇಡುತ್ತೇನೆ. ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯವರಿಗೆ ಪಿತ್ತಕೋಶದಲ್ಲಿ ಹರಳಾಗಿ ಮಿರಜದ ದವಾಖಾನೆಗೆ ಸೇರಿಸಿದ್ದೆ. ಕಾಗವಾಡ, ಅಥಣಿ, ರಾಯಬಾಗ ಕಡೆಯವರಿಗೆ ದೊಡ್ಡ ಜಡ್ಡು ಅಂದರೆ ಮಿರಜ ತಾನೇ! 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಎಂಬವರು ಅಲ್ಲಿ ಮಿಷನ್ ದವಾಖಾನೆ ತೆರೆದರು. ಅಂದಿನಿಂದ ಅದು ದವಾಖಾನೆಗಳ ಊರೇ ಆಯಿತು.

ಪಕ್ಕದ ಕಾಟಿನ ಮೇಲೆ ಒಬ್ಬ ಮುದುಕಿ ಇದ್ದರು. ಅವರ ಮಗ ಐತವಾರ ಬೆಳಿಗ್ಗೆ ನನಗೆ ಹೇಳಿದ: "ಕಾಕಾ, ನಾವು ಪ್ರಾರ್ಥನಾಕ್ಕ ಹೊಂಟೀವಿ. ನೀವೂ ಬರ್ರಿ, ಕಾಕೂನ ಸಲುವಾಗಿ ಬೇಡಿಕೊಳ್ಳೋಣು." ಒಲ್ಲೆ ಅನ್ನಲಾಗದೆ ಹೋದೆ. ಕಡೆಯ ಬಾಕಿನ ಮೇಲೆ ಕೂತೆ.

ಎಲ್ಲ ಮರಾಠಿಯಲ್ಲಿ ನಡೆದಿತ್ತು. ಪೇಟಿ, ತಬಲಾ ಇತ್ತು. ಹಾಡು ಕೇಳಿದರೆ ನಮ್ಮ ವಿಠ್ಠಲನ ಭಜನೆಯ ಧಾಟಿ! ನಾರಾಯಣ ವಾಮನ ಟಿಳಕ (1861-1919) ಎಂಬ ಕವಿಗಳು ಕ್ರಿಸ್ತನ ಮೇಲೆ ಮರಾಠಿ ಅಭಂಗ, ಭಜನೆಗಳನ್ನು ಬರೆದರೆಂದು ಆಮೇಲೆ ತಿಳಿಯಿತು. ಹಾಡು ಮುಗಿದ ಮೇಲೆ ಗುರುಗಳು, ಯಾರ ಮನೆಯಲ್ಲಿ ಏನು ತೊಂದರೆ ಎಂದು ಕೇಳಿದರು. ಆ ಹುಡುಗ ಎದ್ದು ನಿಂತು ನಮ್ಮ ಮನೆಯವರ ಹೆಸರು ಹೇಳಿದ. ಅಲ್ಲಿದ್ದ ಅಷ್ಟೂ ಜನ ಕಣ್ಣು ಮುಚ್ಚಿ, ಎಂದೂ ನೋಡದ ನನ್ನ ಹೆಂಡತಿಗಾಗಿ ಬೇಡಿಕೊಂಡರು. ಹೊರಗೆ ಬರುವಾಗ ಒಬ್ಬ ಅಜ್ಜಿ ನನ್ನ ಕೈ ಹಿಡಿದು, ಊಟ ಆಯ್ತೇನಪ್ಪಾ ಎಂದು ಮರಾಠಿಯಲ್ಲಿ ವಿಚಾರಿಸಿದಳು.

ನನಗೆ ಸಂತೋಷ ಆಗಬೇಕಿತ್ತು. ಆಗಲಿಲ್ಲ. ಮನಸ್ಸು ಕುಂದಿತು. ಅಲ್ಲಿ ಯಾರೂ ನನ್ನ ದೇವರನ್ನು ಹಳಿಯಲಿಲ್ಲ, ನಮ್ಮ ಕಡೆ ಬಾ ಅನ್ನಲಿಲ್ಲ. ಆದರೆ ನೆನಪಾದದ್ದು ಹಿಂದಿನ ಅಮಾವಾಸ್ಯೆ. ಅವತ್ತು ಕೂಸನ್ನು ಬಗಲಲ್ಲಿ ಎತ್ತಿಕೊಂಡ ಒಬ್ಬ ತಾಯಿ ನನ್ನ ಕಿಟಕಿ ಮುಂದೆ ನಿಂತು, "ಸಾಹೇಬ್ರ, ನಮ್ಮ ಕೂಸಿಗೆ..." ಎಂದು ಏನೋ ಹೇಳಲು ಬಾಯಿ ತೆರೆದಳು. "ಹೆಸರು ಹೇಳ್ರಿ, ರೊಕ್ಕ ಕೊಡ್ರಿ, ಹಿಂದ ಪಾಳಿ ಐತಿ" ಅಂದೆ. ಆಕೆ ಪಾವತಿ ತೆಗೆದುಕೊಂಡು ಸುಮ್ಮನೆ ಹೋದಳು. ನಾನು ತಲೆ ಎತ್ತಿ ನೋಡಲಿಲ್ಲ.

ಊರಿಗೆ ಬಂದ ಮೇಲೆ ಒಂದು ತಿಂಗಳು ದೇವರ ಮುಂದೆ ದೀಪ ಹಚ್ಚಿದರೂ ರುಚಿ ಇರಲಿಲ್ಲ. ನಮ್ಮ ದಾರಿಯೇ ಕಡಿಮೆಯದೋ ಎಂಬ ಸಂಶಯ. ಕಡೆಗೆ ಮನೆಯವರ ಮುಂದೆ ಹೇಳಿದೆ. ಆಕೆ ನಕ್ಕು, "ಅಲ್ರೀ, ಮಗ್ಗಲ ಮನ್ಯಾಗ ಅಡಿಗಿ ಚಲೋ ಆಗೇತಂತ ನಮ್ಮ ಒಲಿ ಒಡೀತಾರೇನು? ನಮ್ಮ ಒಲಿಗೆ ಕಟಗಿ ಹಾಕೂದು ಬಿಟ್ಟವರು ನೀವು" ಅಂದಳು.

ಭಕ್ತರೇ, ಆ ಮಾತು ನನಗೆ ಉಪದೇಶವಾಯಿತು. ನಮ್ಮಲ್ಲಿ ಏನು ಕಡಿಮೆ ಇತ್ತು? ಹನ್ನೆರಡನೆಯ ಶತಮಾನದಲ್ಲೇ ಬಸವಣ್ಣನವರು ದಾಸೋಹ ಕಲಿಸಿದರು. ಪಂಢರಪುರದ ವಾರಕರಿಗಳು ಒಬ್ಬರ ಕಾಲಿಗೆ ಒಬ್ಬರು ಬೀಳುತ್ತಾರೆ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಗಾಡಿಯಿಂದ ಗಾಡಿಗೆ ಬುತ್ತಿ ಹಂಚಿ ಉಣ್ಣುತ್ತಾರೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬಿ ಹರಿದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳು ಮುಳುಗಿದಾಗ ರೊಟ್ಟಿ ಕೊಟ್ಟ ಕೈ ಯಾವ ಜಾತಿ, ಯಾವ ದೇವರು ಎಂದು ಕೇಳಲಿಲ್ಲ. ಕಟ್ಟಿಗೆ ಇತ್ತು. ಹಾಕದವನು ನಾನು.

ಆದ್ದರಿಂದ ಬೇರೆಯವರ ಭಕ್ತಿ ಕಂಡು ಮನಸ್ಸು ಕುಂದಿದರೆ ಅವರ ಮೇಲೆ ಸಿಟ್ಟಾಗಬಾರದು, ನಮ್ಮ ದೇವರ ಮೇಲೂ ಮುನಿಯಬಾರದು. ಆ ಕುಂದು ತಾಯಿಯೇ ಕಳಿಸಿದ ಚೀಟಿ ಎಂದು ತಿಳಿದು ಓದಬೇಕು. ನನ್ನ ಚೀಟಿಯಲ್ಲಿ "ತಲೆ ಎತ್ತಿ ನೋಡು" ಎಂದಿತ್ತು.

ಈಗ ಪಾವತಿ ಹರಿಯುವ ಮೊದಲು ಕೇಳುತ್ತೇನೆ: "ಯಾವೂರ್ರೀ? ಎಲ್ಲಾರೂ ಅರಾಮ ಅದೀರಿ?" ಕೆಲವರು ಹೇಳುತ್ತಾರೆ, ಕೆಲವರು ಇಲ್ಲ. ಹೇಳಿದವರ ಹೆಸರು ವಹಿಯಲ್ಲಿ ಬರೆದು ಸಂಜೆ ಮಂಗಳಾರತಿ ಹೊತ್ತಿಗೆ ಪೂಜಾರಿಯವರ ಕೈಗೆ ಕೊಡುತ್ತೇನೆ. ಹುಣ್ಣಿಮೆ ಗದ್ದಲದಲ್ಲಿ ಇದು ಆಗುವುದಿಲ್ಲ, ಸುಳ್ಳು ಯಾಕೆ ಹೇಳಲಿ.

ಆ ಕೂಸಿನ ತಾಯಿ ಮತ್ತೆ ಗುಡ್ಡಕ್ಕೆ ಬಂದಿರಲೂಬಹುದು. ಆದರೆ ಅವತ್ತು ಮುಖವನ್ನೇ ನೋಡಿರಲಿಲ್ಲ, ಗುರುತು ಹೇಗೆ ಹಿಡಿಯಲಿ? ಅದಕ್ಕೇ ಕೂಸು ಎತ್ತಿಕೊಂಡು ಬಂದ ಪ್ರತಿಯೊಬ್ಬ ತಾಯಿಯನ್ನೂ ಆಕೆಯೇ ಎಂದು ತಿಳಿದು ಮಾತಾಡಿಸುತ್ತೇನೆ.

ತಾವೂ ಇಂದು ಪಾಳಿಯಲ್ಲಿ ನಿಂತಾಗ ಮುಂದಿನವರನ್ನು, ಹಿಂದಿನವರನ್ನು ಒಂದು ಮಾತು ಕೇಳಿರಿ. ಅವರ ಹರಕೆಯನ್ನೂ ನಿಮ್ಮ ಹರಕೆಯ ಸಂಗಡ ತಾಯಿಗೆ ಹೇಳಿರಿ. ಹೊರೆ ಹಂಚಿಕೊಂಡರೆ ಗುಡ್ಡ ಹತ್ತುವುದು ಹಗುರ.

ಸರ್ವರಿಗೂ ಸನ್ಮಂಗಳವಾಗಲಿ.